ಬಿಳಿ ತೆನೆಯಲ್ಲಿ ಹಳದಿ ಕಾಳು

ಕಣ್ಣಿನ ಆಪರೇಷನ್ ಮುಗಿಸಿ ಮನೆಗೆ ಬಂದ ಅಜ್ಜಿಗೆ ನಮ್ಮ ಮನೆ ತುಂಬ ಕೊಳಕಾಗಿ ಕಂಡಿತು. ಒಲೆಯ ಹಿಂದಿನ ಗೋಡೆಗೆ ಹತ್ತಿದ ಎಣ್ಣೆ, ಫ್ಯಾನಿನ ರೆಕ್ಕೆಯ ಮೇಲಿನ ಧೂಳು, ಅಮ್ಮನ ಹೊಲಿಗೆ ಮೆಷಿನ್ನಿನ ಕೆಳಗಿನ ದಾರದ ಚೂರು, ಅಣ್ಣನ ಕಾಲರಿನ ಗ್ರೀಸು, ಎಲ್ಲ ಒಟ್ಟಿಗೇ ಕಣ್ಣಿಗೆ ಬಿದ್ದವು. ಕುಡಿಯಲು ಕೊಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇಷ್ಟು ದಿನ ನಾನು ಇದರಲ್ಲೇ ಕುಡಿದಿದ್ದಾ?” ಎಂದಳು.

“ಕುಡಿದೂ ಗಟ್ಟಿಮುಟ್ಟಾಗೇ ಇದ್ದೀರಲ್ಲ ಅತ್ತೆ,” ಎಂದಳು ಅಮ್ಮ, ಹೊಲಿಯುತ್ತಿದ್ದ ದಿಂಬಿನ ಚೀಲದಿಂದ ತಲೆ ಎತ್ತದೆ.

“ನಿನ್ನ ಪುಣ್ಯದಿಂದಲ್ಲ.”

ಹಿತ್ತಲಿಗೆ ಕಾಲಿಟ್ಟಾಗ ಮಾತ್ರ ಅಜ್ಜಿಯ ಮುಖ ಸಡಿಲಾಯಿತು. ಹಿತ್ತಲೆಂದರೆ ಅಡುಗೆಮನೆಯ ಬಾಗಿಲಿನಿಂದ ಕಾಂಪೌಂಡ್ ಗೋಡೆಯವರೆಗಿನ ಒಂದು ತುಂಡು ನೆಲ. ಅಲ್ಲಿ ಅವಳು ಪ್ರತಿವರ್ಷ ಮುಸುಕಿನ ಜೋಳ ಹಾಕುತ್ತಾಳೆ. ಅಂಗಡಿಯಲ್ಲಿ ಸಿಗುವ ಹಳದಿ ಜೋಳವಲ್ಲ. ಹಾಲಿನ ಬಣ್ಣದ, ಅಗಲ ಕಾಳಿನ ಹಳೆಯ ತಳಿ. ಅವಳ ತಾಯಿಯ ಕೈಯಿಂದ ಬಂದದ್ದು. ಅದರ ಹಿಟ್ಟಿನ ರೊಟ್ಟಿ ಮರುದಿನಕ್ಕೂ ಮೆತ್ತಗಿರುತ್ತದೆ. ಅಕ್ಕತಂಗಿಯರ ಮನೆಗಳಲ್ಲಿ ಆ ಬೀಜ ಒಂದೊಂದಾಗಿ ತಪ್ಪಿಹೋಗಿ ಈಗ ನಮ್ಮಲ್ಲಿ ಮಾತ್ರ ಉಳಿದಿದೆ ಎಂದು ಅಜ್ಜಿ ಹೇಳುತ್ತಾಳೆ. ಅದಕ್ಕೇ ಬೀಜದ ಡಬ್ಬಕ್ಕೆ ಬೀಗ, ಬೀಗದ ಕೈ ಅವಳ ಕೊರಳಿನ ದಾರದಲ್ಲಿ. ಆಸ್ಪತ್ರೆಗೆ ಹೋಗುವಾಗಲೂ ಅದನ್ನು ತೆಗೆಯಲಿಲ್ಲ. “ಆಪರೇಷನ್ ಕಣ್ಣಿಗೆ, ಕತ್ತಿಗಲ್ಲ,” ಎಂದು ನರ್ಸಿಗೆ ಹೇಳಿದಳಂತೆ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳೇ ನೆಲ ತಡವಿ ತಡವಿ ಗುಣಿ ತೋಡಿ ಬೀಜ ಹಾಕಿದ್ದಳು. ಮೊಳಕೆ ಏಳುವ ಹೊತ್ತಿಗೆ ಕಾಗೆಗಳು ಬಂದು ಕೀಳುತ್ತವೆ, ಬಲೆ ಹೊದಿಸಿ ಕಾಯಬೇಕು ಎಂದು ಅಪ್ಪನಿಗೆ ವಹಿಸಿದ್ದಳು. ಎರಡು ದಿನಕ್ಕೆ ಬರಬೇಕಾದವಳು ಕಣ್ಣಿಗೆ ಸೋಂಕಾಗಿ ವಾರ ಕಳೆದರೂ ಬರಲಿಲ್ಲ. ಹತ್ತಿರ ಇರಲು ಯಾರಾದರೂ ಬೇಕಿತ್ತು. ಅಮ್ಮನಿಗೆ ಹೊಲಿಗೆಯ ಕೆಲಸ ತಲೆಯ ಮೇಲಿತ್ತು, ನನಗೆ ಅಡುಗೆಮನೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಅತ್ತಿಗೆ ಫ್ಯಾಕ್ಟರಿಗೆ ರಜೆ ಹಾಕಿ ಅಜ್ಜಿಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅಷ್ಟು ದಿನವೂ ಅಲ್ಲೇ ಇದ್ದಳು.

ಮನೆಗೆ ಬಂದ ಅಜ್ಜಿ ಕಪ್ಪು ಕನ್ನಡಕ ಮೇಲೆತ್ತಿ ಸಾಲುಗಳನ್ನು ನೋಡಿದಳು. ಎಲ್ಲ ಗುಣಿಯಲ್ಲೂ ಹಸಿರು ಇತ್ತು. ಕೆಲವು ದೊಡ್ಡವು, ಕೆಲವು ಈಗಷ್ಟೇ ತಲೆ ಎತ್ತಿದವು.

“ಒಂದು ಗುಣಿ ಖಾಲಿ ಇಲ್ಲ,” ಎಂದಳು. “ನನ್ನ ಮಗನೂ ಒಂದು ಕೆಲಸ ನೆಟ್ಟಗೆ ಮಾಡಿದ ನೋಡು.”

ಅಪ್ಪ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಕಿವಿ ಕೆಂಪಾಯಿತು. ಅಜ್ಜಿ ಅವನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಏನೋ ಹೇಳಲು ಬಾಯಿ ತೆರೆದವನು ಟೀ ಕುಡಿದುಬಿಟ್ಟ.

ಅಪ್ಪನದು ಕೋಳಿ ಆಹಾರದ ಗಿರಣಿಯಲ್ಲಿ ಕೆಲಸ. ಮೂಟೆ ಬಿಚ್ಚಿ ಹಳದಿ ಜೋಳವನ್ನು ಯಂತ್ರದ ಬಾಯಿಗೆ ಸುರಿಯುವುದು. ಸಂಜೆ ಬಂದಾಗ ಹುಬ್ಬಿನವರೆಗೂ ಪುಡಿ, ಜೇಬಿನಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ ಕಾಳು. ಅವನ ಬಟ್ಟೆಯನ್ನು ಬೀದಿಗೆ ಒಯ್ದು ಕೊಡವಿ ಆಮೇಲೆ ಒಳಗೆ ತರಬೇಕೆಂದು ಅಜ್ಜಿಯ ಕಟ್ಟುನಿಟ್ಟು. ಗಿರಣಿಯ ಒಂದು ಕಾಳೂ ಹಿತ್ತಲಿಗೆ ಬೀಳಕೂಡದು. ಏಕೆ ಎಂದು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅಜ್ಜಿಯ ಕಟ್ಟುನಿಟ್ಟುಗಳಿಗೆ ಕಾರಣ ಕೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

ಜೋಳ ಬೆಳೆಯಿತು. ಬಾಗಿಲ ಬಳಿಯ ಬಟ್ಟೆ ಒಗೆಯುವ ಕಲ್ಲಿನ ಕಡೆ ಕೆಲವು ಗಿಡಗಳು ಬೇರೆಯವಕ್ಕಿಂತ ಬೇಗ ಬೇಗ ಎತ್ತರವಾದವು. ಆ ಕಡೆ ನೀರು ಹೆಚ್ಚು ಹರಿಯುತ್ತದೆ, ಅದಕ್ಕೆ ಎಂದು ಅಜ್ಜಿಯೇ ಹೇಳಿದಳು. ಗಿಡದ ತುದಿಯಲ್ಲಿ ಹೂವು ಬಂತು, ನಡುವಿನಲ್ಲಿ ತೆನೆ ಕೂದಲು ಬಿಟ್ಟಿತು. ಅಜ್ಜಿ ಕುರ್ಚಿ ಹಾಕಿಕೊಂಡು ಬೆಳಗೆಲ್ಲ ಅಲ್ಲೇ ಕೂರುತ್ತಿದ್ದಳು.

ಒಂದು ಬೆಳಗ್ಗೆ ನಾನು ಗಂಜಿ ಕಾಯಿಸುತ್ತಿದ್ದಾಗ ಅವಳು ಹಿತ್ತಲಿನಿಂದ ಕರೆದಳು. “ಏ ಮೂಗಿ, ಬಾ ಇಲ್ಲಿ.”

ನಾನು ಮಾತು ಕಡಿಮೆ ಎಂದು ಅವಳು ನನಗಿಟ್ಟ ಹೆಸರು ಅದು. ಹೋದೆ. ಕಲ್ಲಿನ ಕಡೆಯ ಎತ್ತರದ ಗಿಡಗಳಲ್ಲಿ ಕೆಲವು ತೆನೆಗಳಿರಲಿಲ್ಲ. ಕಿತ್ತ ಜಾಗ ಹಸಿಯಾಗಿತ್ತು.

“ಯಾರು?”

“ಗೊತ್ತಿಲ್ಲ ಅಜ್ಜಿ.”

“ಹೊರಗಿನವರಾದ್ರೆ ಗೋಡೆ ಹಾರಿ ಬಂದು ಈ ತುದೀವರೆಗೂ ನಡೀತಾರಾ? ಗೋಡೆ ಹತ್ರದ್ದೇ ಕೀಳಲ್ವಾ? ಇದು ಒಳಗಿನ ಕೈ.”

ಗಂಜಿ ಬಡಿಸುವಾಗ ಆ ಮಾತು ಎಲ್ಲರ ಮುಂದೆ ಬಂತು. ಅಪ್ಪ ಬಟ್ಟಲಿನ ಮೇಲೆ ಬಾಗಿ, “ಇಲಿ ಇರಬೇಕು,” ಎಂದ.

“ಇಲಿ ತೆನೆ ಕಿತ್ಕೊಂಡು ಕಂಕುಳಲ್ಲಿಟ್ಕೊಂಡು ಹೋಗತ್ತಾ?”

ಅಣ್ಣ ನಕ್ಕ. ಅವನು ಲಿಫ್ಟ್ ರಿಪೇರಿ ಮಾಡುವವನು. ಸಿಕ್ಕಿಹಾಕಿಕೊಂಡವರನ್ನು ಸಮಾಧಾನ ಮಾಡಿ ಮಾಡಿ ಮನೆಯಲ್ಲೂ ಅದೇ ದನಿ. “ಹೋಗ್ಲಿ ಬಿಡಜ್ಜಿ, ಒಂದೆರಡು ತೆನೆ.”

“ಇವತ್ತು ಒಂದೆರಡು,” ಎಂದಳು ಅಜ್ಜಿ. ಅವಳ ನೋಟ ಒಬ್ಬೊಬ್ಬರ ಮೇಲೂ ನಿಂತು ನಿಂತು ಮುಂದೆ ಹೋಯಿತು. ಅತ್ತಿಗೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ಆಮೇಲೆ ಮನೆಯಲ್ಲಿ ಊಟದ ರುಚಿಯೇ ಬೇರೆಯಾಯಿತು. ಅಜ್ಜಿ ಕಸದ ಬುಟ್ಟಿ ಕೆದಕಿ ನೋಡುತ್ತಿದ್ದಳು. ನನ್ನ ಕೈ ಮೂಸಿದಳು. ಅಮ್ಮನ ಬಟ್ಟೆ ಗಂಟುಗಳನ್ನು ಒತ್ತಿ ನೋಡಿದಳು. “ದಿಂಬಿನೊಳಗೆ ಜೋಳ ತುಂಬಿ ಮಾರ್ತಿದ್ದೀನಿ ಅಂದ್ಕೊಂಡ್ರಾ?” ಎಂದು ಅಮ್ಮ ಕೇಳಿದರೆ, “ಯಾರಿಗೆ ಗೊತ್ತು, ಕಾಲ ಹಾಗಿದೆ,” ಎಂದಳು. ಮತ್ತೊಂದು ಬೆಳಗ್ಗೆ ಅದೇ ಗಿಡಗಳಲ್ಲಿ ಉಳಿದಿದ್ದ ತೆನೆಗಳೂ ಹೋದವು. ಅಂದು ಸಂಜೆ ಅಜ್ಜಿ ಬೀದಿ ಬಾಗಿಲಿನ ಹತ್ತಿರ ಕುರ್ಚಿ ಹಾಕಿಕೊಂಡಳು.

ಅತ್ತಿಗೆ ಗಾಜಿನ ಬಾಟಲಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ದೊಡ್ಡ ದೀಪದ ಮುಂದೆ ನಿಂತು ಸಾಲಾಗಿ ಬರುವ ಬಾಟಲಿಗಳಲ್ಲಿ ಬಿರುಕಿದ್ದದ್ದನ್ನು ಎತ್ತಿ ಹಾಕುವುದು. ಬಂದವಳು ಚಪ್ಪಲಿ ಬಿಡುವ ಮೊದಲೇ ಅಜ್ಜಿ ಕೈ ಚಾಚಿದಳು.

“ಚೀಲ ಕೊಡು.”

“ಯಾಕಜ್ಜಿ?”

“ನೋಡ್ತೀನಿ.”

ಅತ್ತಿಗೆ ಚೀಲವನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. “ಫ್ಯಾಕ್ಟರಿ ಗೇಟಲ್ಲಿ ಈಗ ತಾನೆ ನೋಡಿದ್ರು. ಆ ಹೆಂಗಸು ಬೇಜಾರು ಮಾಡ್ಕೋಬೇಡಮ್ಮ ಅಂತ ಹೇಳಿ ನೋಡ್ತಾಳೆ.”

ಅಜ್ಜಿ ಊಟದ ಡಬ್ಬಿ, ಬಾಚಣಿಗೆ, ಮಡಿಸಿದ ಏಪ್ರನ್ ತೆಗೆದಿಟ್ಟಳು. ಚೀಲದ ತಳದಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಜೋಳದ ಕೂದಲು, ಒಣಗಿ ಕಂದಾದದ್ದು.

“ಇದೇನು?”

“ಗೇಟ್ ಹತ್ರ ಸುಟ್ಟ ಜೋಳ ಮಾರ್ತಾರೆ. ನಿನ್ನೆ ತಿಂದೆ.”

“ಮನೇಲಿ ಜೋಳ ಇಟ್ಕೊಂಡು ಯಾರಾದ್ರೂ ಬೀದೀಲಿ ತಿಂತಾರಾ?”

“ಮನೇಲಿ ಕೇಳೋಕೆ ಭಯ ಆದ್ರೆ ತಿಂತಾರೆ.”

ಒಳಗೆ ಅಪ್ಪ ಗೋಡೆಗೆ ಒರಗಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದ. ಅಲ್ಲಿಂದ ಎಲ್ಲ ಕೇಳುತ್ತಿತ್ತು. ಅಮ್ಮನ ಮೆಷಿನ್ನು ಒಂದು ಗಳಿಗೆ ನಿಂತು ಮತ್ತೆ ಹೊರಟಿತು.

ಅಜ್ಜಿ ಆ ಕೂದಲನ್ನು ಕಾಗದದಲ್ಲಿ ಸುತ್ತಿ ಬೀಜದ ಡಬ್ಬದೊಳಗಿಟ್ಟಳು. ಮರುದಿನದಿಂದ ಅತ್ತಿಗೆಗೆ ಅಡುಗೆಮನೆಯ ಕಪಾಟು ತೆರೆಯುವ ಅಗತ್ಯವಿಲ್ಲದಂತೆ ಅವಳ ರೊಟ್ಟಿ, ಬೇಳೆ, ಮೊಟ್ಟೆ ಎಲ್ಲ ಮೊದಲೇ ತಟ್ಟೆಗೆ ಹಾಕಿ ಮುಚ್ಚಿಡಬೇಕೆಂದು ನನಗೆ ಅಪ್ಪಣೆಯಾಯಿತು. ಹಾಗೇ ಮಾಡಿದೆ. ಅತ್ತಿಗೆ ಮುಚ್ಚಳ ತೆಗೆದು ನೋಡಿ, “ಆಸ್ಪತ್ರೇಲೂ ಹೀಗೇ ಕೊಡ್ತಿದ್ರು. ರೋಗಿಗೆ,” ಎಂದಳು.

ಆ ಭಾನುವಾರ ಅವಳ ತಾಯಿ ಬಂದರು. ಶಾಲೆಯೊಂದರಲ್ಲಿ ಗಂಟೆ ಹೊಡೆಯುವ, ಕೋಣೆಗಳ ಬೀಗ ತೆಗೆಯುವ ಕೆಲಸ ಅವರದು. ಒಬ್ಬಳೇ ಮಗಳು. ಬರುವಾಗಲೆಲ್ಲ ಒಂದು ಡಬ್ಬಿಯಲ್ಲಿ ಏನಾದರೂ ತಂದು, ಹೋಗುವಾಗ ಖಾಲಿ ಡಬ್ಬಿ ತೆಗೆದುಕೊಂಡು ಹೋಗುತ್ತಾರೆ. ಅಂದೂ ಹಾಗೇ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದಾಗ ಅಜ್ಜಿ ಕೇಳಿದಳು.

“ಚೀಲ ಭಾರ ಇದೆಯೇನೋ.”

“ಇಲ್ಲಮ್ಮ, ಖಾಲಿ.”

“ಖಾಲಿನೇ ಇರ್ಲಿ ಅಂತ ನನ್ನಾಸೆ. ನಿಮ್ಮ ಮಗಳ ಕೈ ಸ್ವಲ್ಪ ಉದ್ದ. ನೀವು ತಿಳಿದವರು, ಒಂದು ಮಾತು ಹೇಳಿ ಹೋಗಿ.”

ಕೋಣೆಯಲ್ಲಿ ನಾವೆಲ್ಲ ಇದ್ದೆವು. ಅಣ್ಣ “ಅಜ್ಜಿ” ಎಂದ, ಅಷ್ಟೇ. ಅಪ್ಪ ಕಿಟಕಿಯ ಕಡೆ ನೋಡಿದ. ಅತ್ತಿಗೆಯ ತಾಯಿ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಬೋರಲು ಹಿಡಿದು ತೋರಿಸಿದರು. ಏನೂ ಬೀಳಲಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ಮತ್ತೆ ಚೀಲಕ್ಕಿಟ್ಟರು. ಮಗಳನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ನಾನು ಅಲ್ಲಿ ಪಾತ್ರೆ ಒರೆಸುತ್ತಿದ್ದೆ. ನಾನಿರುವುದು ಸಾಮಾನ್ಯವಾಗಿ ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ.

“ತಗೊಂಡಿದ್ದೀಯಾ?”

“ನೀನೂ ಕೇಳ್ತೀಯಾ?”

“ಸುಮ್ಸುಮ್ನೆ ಯಾರಾದ್ರೂ ಹೇಳ್ತಾರಾ? ವಯಸ್ಸಾದವರು.”

ಅತ್ತಿಗೆ ನಲ್ಲಿ ತಿರುಗಿಸಿ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು. ಅವಳ ತಾಯಿ ಹೋದರು. ಆ ಮೇಲಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಅತ್ತಿಗೆ ಫೋನ್ ಮಾಡಿದರೆ, ಗಂಟೆ ಹೊಡೆಯೋ ಹೊತ್ತಾಯ್ತು ಎಂದು ಇಟ್ಟುಬಿಡುತ್ತಿದ್ದರಂತೆ. ಭಾನುವಾರ ಯಾವ ಶಾಲೆಯ ಗಂಟೆ ಎಂದು ಅತ್ತಿಗೆ ನನ್ನನ್ನು ಕೇಳಿದಳು.

ಅಣ್ಣನಿಗೆ ತಕ್ಷಣದ ಶಾಂತಿ ಬೇಕಿತ್ತು. ಬಟ್ಟೆ ಒಣಹಾಕುತ್ತಿದ್ದ ಹೆಂಡತಿಯ ಹತ್ತಿರ ಹೋಗಿ, “ತಿಂದೆ ಅಂತ ಹೇಳಿಬಿಡೇ. ಜೋಳ ತಾನೆ, ಬಂಗಾರ ಅಲ್ಲವಲ್ಲ. ಒಂದು ಮಾತಿಗೆ ಮುಗಿಯತ್ತೆ,” ಎಂದ.

“ತಿನ್ನದೇ ಇದ್ದದ್ದನ್ನ ತಿಂದೆ ಅನ್ಲಾ?”

“ಮನೆ ತಣ್ಣಗಾಗತ್ತಲ್ಲ.”

“ನಿನಗೆ ಏನನ್ನಿಸತ್ತೆ? ತಿಂದಿದ್ದೀನಾ?”

ಅಣ್ಣ ಉತ್ತರಿಸಲು ತಡಮಾಡಿದ. ಹೆಚ್ಚು ಹೊತ್ತೇನಲ್ಲ. ಅತ್ತಿಗೆ ಕೈಯಲ್ಲಿದ್ದ ಅವನ ಅಂಗಿಯನ್ನು ಒಣಹಾಕದೆ ಬಕೆಟ್ಟಿಗೇ ಬಿಟ್ಟು ಒಳಗೆ ಹೋದಳು. ಎರಡು ದಿನದ ಮೇಲೆ ಫ್ಯಾಕ್ಟರಿಯ ಹತ್ತಿರ ಒಂದು ಕೋಣೆ ನೋಡಿದ್ದೇನೆಂದೂ, ಬರುವುದಾದರೆ ಬರಬಹುದೆಂದೂ, ಬರದಿದ್ದರೂ ತಾನು ಹೋಗುವವಳೇ ಎಂದೂ ಅವನಿಗೆ ಹೇಳಿದಳು. ಕಳ್ಳಿ ಅನ್ನಿಸಿಕೊಂಡು ಹೋಗಬೇಕಲ್ಲ ಎಂಬುದೊಂದೇ ಅವಳನ್ನು ತಡೆದಿತ್ತು. “ಈಗ ಹೋದ್ರೆ ಹೌದು ಅಂತ ಸಹಿ ಹಾಕಿದ ಹಾಗೆ,” ಎಂದಳು ನನಗೆ.

ತೆನೆಯ ಸಿಪ್ಪೆ ಒಣಗಿತು. ಎಲ್ಲರಿಗೂ ರಜೆಯಿದ್ದ ಒಂದು ದಿನ ತೆನೆ ಮುರಿದು ಹಿತ್ತಲ ಬಾಗಿಲಲ್ಲಿ ರಾಶಿ ಹಾಕಿದೆವು. ಮೊದಲ ತೆನೆ ಬಿಚ್ಚುವುದು ಅಜ್ಜಿಯೇ. ಸಿಪ್ಪೆ ಎಳೆದವಳು ಹಾಗೇ ಕೂತಳು. ಬಿಳಿ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಕಾಳು. ಇನ್ನೊಂದು ಬಿಚ್ಚಿದಳು. ಅದರಲ್ಲೂ. ಕಲ್ಲಿನ ಕಡೆಯ ಸಾಲಿನ ತೆನೆಗಳಲ್ಲಿ ಅರ್ಧಕ್ಕರ್ಧ ಹಳದಿ. ಗೋಡೆಯ ಕಡೆಯವುಗಳಲ್ಲಿ ಕಡಿಮೆ. ಬಿಚ್ಚುತ್ತ ಹೋದಂತೆ ಅಜ್ಜಿಯ ಬಾಯಿ ಸಣ್ಣದಾಗುತ್ತ ಬಂತು.

“ತೆನೆ ಕದ್ದರೆ ಹೊಟ್ಟೆಗೆ ಅಂತ ಬಿಡಬಹುದು,” ಎಂದಳು. “ಇದು ಬೀಜಕ್ಕೇ ಕೈ ಹಾಕಿದ್ದು.”

ಎದ್ದು ಸಾಲುಗಳೊಳಗೆ ಹೋದಳು. ತೆನೆಯಿಲ್ಲದೆ ನಿಂತಿದ್ದ ಗಿಡಗಳ ಮುಂದೆ ಕೂತು ಬುಡದ ಒಣ ಎಲೆ ಸರಿಸಿದಳು. “ಇವು ನನ್ನವಲ್ಲ. ಬುಡ ಕೆಂಪಗಿದೆ. ನನ್ನದು ಬುಡದಿಂದಲೇ ಹಸಿರು. ಮಧ್ಯೆ ಮಧ್ಯೆ ಯಾರೋ ಬೇರೆ ಬೀಜ ಊರಿದ್ದಾರೆ. ಇವುಗಳ ಹೂವಿನ ಪುಡಿ ನನ್ನ ತೆನೆಗಳ ಮೇಲೆ ಬಿದ್ದಿದೆ.”

ಊಟಕ್ಕೆ ಕೂತೆವು. ಆಲೂಗಡ್ಡೆ ಪಲ್ಯ, ರೊಟ್ಟಿ. ಅತ್ತಿಗೆಯ ತಟ್ಟೆ ಮುಚ್ಚಿದ್ದೇ ಇತ್ತು. ಅಜ್ಜಿ ರೊಟ್ಟಿ ಮುರಿಯಲಿಲ್ಲ.

“ನಾನಿದ್ದಾಗ ಹಿತ್ತಲ ಮಣ್ಣು ಯಾರೂ ಮುಟ್ಟಲ್ಲ. ನಾನು ಆಸ್ಪತ್ರೇಲಿದ್ದಾಗಲೇ ಊರಿದ್ದು. ಊರಿ, ತೆನೆ ಬಂದಾಗ ಗುರುತು ಸಿಗದ ಹಾಗೆ ಕಿತ್ತಿದ್ದು.” ಅತ್ತಿಗೆಯ ಕಡೆ ತಿರುಗಿದಳು. “ನಿಂಗೆ ನನ್ನ ಮೇಲೆ ಏನು ಸಿಟ್ಟಿತ್ತೇ?”

ಅತ್ತಿಗೆ ತನ್ನ ತಟ್ಟೆಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು.

“ನೀವು ಆಸ್ಪತ್ರೇಲಿದ್ದಾಗ ನಾನೆಲ್ಲಿದ್ದೆ ಅಜ್ಜಿ?”

ಅಜ್ಜಿ ಮುರಿಯದ ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು.

“ನಿಮ್ಮ ಕಣ್ಣಿಗೆ ಔಷಧಿ ಬಿಟ್ಟೋರು ಯಾರು? ಬಚ್ಚಲಿಗೆ ಕರ್ಕೊಂಡು ಹೋಗಿದ್ದು ಯಾರು? ಒಂದು ದಿನವಾದ್ರೂ ನಾನು ಈ ಮನೆಗೆ ಬಂದಿದ್ನಾ?”

“ಬಂದಿರಲಿಲ್ಲ,” ಎಂದಳು ಅಜ್ಜಿ ನಿಧಾನವಾಗಿ. ಆಮೇಲೆ ಅವಳ ನೋಟ ನನ್ನ ಮೇಲೆ ಬಂತು, ಅಮ್ಮನ ಮೇಲೆ ಹೋಯಿತು, ಅಣ್ಣನನ್ನು ದಾಟಿತು. ಅಪ್ಪ ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ ಇದ್ದ. ಅಷ್ಟು ಹೊತ್ತು ಅಗಿಯುವಂಥದ್ದೇನೂ ಆ ರೊಟ್ಟಿಯಲ್ಲಿರಲಿಲ್ಲ.

“ಕಾಗೆ ಕಿತ್ತಿದ್ವಮ್ಮ,” ಎಂದ ಕೊನೆಗೆ.

ತುತ್ತು ನುಂಗಿ ತಟ್ಟೆಯನ್ನು ಸ್ವಲ್ಪ ದೂರ ತಳ್ಳಿದ.

“ಬಲೆ ಹಾಕೋದು ಮರ್ತೆ. ಎರಡು ಪಾಳಿ ಮಾಡಿ ಬಂದು ಮಲಗಿಬಿಟ್ಟಿದ್ದೆ. ಎದ್ದು ನೋಡ್ತೀನಿ, ಕಲ್ಲಿನ ಕಡೆ ಅಲ್ಲಲ್ಲಿ ಗುಣಿ ಖಾಲಿ. ಡಬ್ಬದ ಬೀಗದ ಕೈ ನಿನ್ನ ಕತ್ತಲ್ಲಿ. ನನ್ನ ಜೇಬಲ್ಲಿ ನಾಕು ಕಾಳಿತ್ತು, ಊರಿದೆ. ಜೋಳ ಜೋಳಾನೇ ಅಲ್ವಾ ಅಂದ್ಕೊಂಡೆ.”

“ಹೇಳಬಹುದಿತ್ತಲ್ಲೋ.”

“ಹೇಳೋಕೇ ನಿಂತಿದ್ದೆ. ನೀನು ಹೊಗಳಿಬಿಟ್ಟೆ.”

“ತೆನೆ ಏನು ಮಾಡಿದೆ?”

“ಬಿಚ್ಚಿದ್ರೆ ಹಳದಿ ಕಾಣತ್ತಲ್ಲ. ಕಿತ್ಕೊಂಡು ಹೋಗಿ ಗಿರಣಿ ಕಾವಲಿನವನ ಹಸುವಿಗೆ ಹಾಕಿದೆ. ಕಿತ್ತುಬಿಟ್ರೆ ಮಿಕ್ಕಿದ್ದೆಲ್ಲ ಬಿಳೀದೇ ತಾನೆ ಅಂತ.”

ಅಜ್ಜಿ ಹಣೆಗೆ ಕೈ ಹಚ್ಚಿದಳು. “ಹುಟ್ಟಿದಾಗಿಂದ ಈ ಹಿತ್ತಲು ನೋಡ್ತಿದ್ದೀಯ. ದಿನಾ ಮೂಟೆಗಟ್ಟಲೆ ಜೋಳ ಸುರೀತೀಯ. ಕಾಳು ಕಟ್ಟೋದು ಹೇಗೆ ಅಂತ ಗೊತ್ತಿಲ್ವಾ? ಕೀಳೋದಿದ್ರೆ ತಲೆ ಮೇಲಿನ ಹೂವು ಕೀಳಬೇಕಿತ್ತು. ತೆನೆ ಕಿತ್ತು ಹೂವು ಬಿಟ್ಟಿದ್ದೀಯಲ್ಲೋ.”

“ನಮ್ಮಲ್ಲಿ ಮೂಟೇಲೇ ಬರತ್ತಮ್ಮ,” ಎಂದ ಅಪ್ಪ.

ಅಣ್ಣನಿಗೆ ನಗು ಬಂತು, ತಡೆದುಕೊಂಡ. ಅತ್ತಿಗೆ ನಗಲಿಲ್ಲ.

“ಮಾವ,” ಎಂದಳು. “ನನ್ನ ಚೀಲ ನೋಡಿದ ದಿನ ನೀವು ಇಲ್ಲೇ ಕೂತಿದ್ರಿ.”

“ಕೂತಿದ್ದೆ.”

“ನಮ್ಮಮ್ಮ ಡಬ್ಬಿ ಬೋರಲು ಹಾಕಿದಾಗಲೂ.”

ಅಪ್ಪ ಹೌದೆಂದು ತಲೆ ಆಡಿಸಿದ.

“ಅತ್ತೆ, ನಿಮಗೆ ಗೊತ್ತಿತ್ತಾ?”

ಅಮ್ಮ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದಳು. “ಇವರ ಅಂಗಿ ಜೇಬಲ್ಲಿ ಹಸೀ ಕೂದಲು ಸಿಕ್ಕಿತ್ತು. ಗಿರಣೀಲಿ ಕೂದಲೆಲ್ಲಿ ಇರತ್ತೆ? ಗೊತ್ತಾಯ್ತು.”

“ಗೊತ್ತಾಗೀನೂ ಸುಮ್ಮನಿದ್ರಿ.”

“ನಾನು ಬಂದ ಹೊಸದರಲ್ಲಿ ಸಕ್ಕರೆ ಕದ್ದೆ ಅಂತ ವರ್ಷಗಟ್ಟಲೆ ಅನ್ನಿಸ್ಕೊಂಡೆ. ತಿಂದಿದ್ದು ಇರುವೆ. ಆಗ ನನ್ನ ಪರವಾಗಿ ಯಾರು ಒಂದು ಮಾತಾಡಿದ್ರು?”

“ಅದಕ್ಕೆ?”

ಅತ್ತಿಗೆ ಜೋರಾಗಿ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. ಅಮ್ಮ ಎದ್ದು ನೀರು ತರಲು ಹೋದವಳು ಬಹಳ ಹೊತ್ತು ಬರಲಿಲ್ಲ.

ಅಜ್ಜಿ ತನ್ನ ತಟ್ಟೆಯಿಂದ ಒಂದು ರೊಟ್ಟಿ ಎತ್ತಿ ಅತ್ತಿಗೆಯ ತಟ್ಟೆಗೆ ಹಾಕಿದಳು. ಅಲ್ಲಿಗೆ ತನ್ನ ಪಾಲು ಮುಗಿಯಿತು ಎಂಬಂತೆ. ಅತ್ತಿಗೆ ಆ ರೊಟ್ಟಿಯನ್ನು ಅಜ್ಜಿಯ ತಟ್ಟೆಗೇ ತಿರುಗಿ ಇಟ್ಟಳು.

“ನಮ್ಮಮ್ಮನ್ನ ಕರೆಸಿ. ಆವತ್ತು ಯಾರ್‍ಯಾರು ಇದ್ರೋ ಎಲ್ಲಾರೂ ಇರಬೇಕು. ಮಾವ ಮಾಡಿದ್ದು ಮಾವ ಹೇಳಲಿ. ನೀವು ಹೇಳಿದ್ದು ನೀವು ವಾಪಸ್ ತಗೊಳ್ಳಿ. ಆಮೇಲೆ ನಾನು ಇರ್ತೀನೋ ಹೋಗ್ತೀನೋ ನೋಡ್ತೀನಿ.”

“ದೊಡ್ಡವರ ಹತ್ರ ಮಾತಾಡೋ ರೀತಿನಾ ಇದು?” ಎಂದ ಅಣ್ಣ, ಅಭ್ಯಾಸಬಲದಿಂದ.

“ನೀನು ಲಿಫ್ಟ್ ನೋಡ್ಕೋ,” ಎಂದಳು ಅತ್ತಿಗೆ.

ಕರೆಸಲು ಅಪ್ಪನೇ ಹೋಗಬೇಕಾಯಿತು. ಬಸ್ಸಿನಲ್ಲಿ ಹೋಗಿ, 'ಮನೆಯಲ್ಲಿ ಒಂದು ಮಾತಿದೆ' ಎಂದಷ್ಟೇ ಹೇಳಿ ಕರೆತಂದ. ಅತ್ತಿಗೆಯ ತಾಯಿ ಈ ಸಲ ಡಬ್ಬಿಯನ್ನೂ ಚೀಲವನ್ನೂ ತಂದಿರಲಿಲ್ಲ. ಕೈ ಬೀಸಿಕೊಂಡು ಬಂದು, ಎರಡೂ ಅಂಗೈ ಕಾಣುವಂತೆ ತೊಡೆಯ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕೂತರು. ನಾನು ಕೊಟ್ಟ ಟೀ ಮುಟ್ಟಲಿಲ್ಲ.

ಅಪ್ಪ ನಿಂತೇ ಹೇಳಿದ. ಕಾಗೆ, ಗುಣಿ, ಜೇಬು, ಹಸು. ಮೂಟೆ ಬಿಚ್ಚಿದಂತೆ ಒಂದೇ ಉಸಿರಿಗೆ ಸುರಿದು ನಿಲ್ಲಿಸಿದ. ಅಜ್ಜಿಗೆ ಕಷ್ಟವಾಯಿತು. “ನಿಮ್ಮ ಮಗಳ ಕೈ...” ಎಂದು ಶುರುಮಾಡಿ, ಕೊರಳಿನ ದಾರ ಎಳೆದುಕೊಂಡು, “ನಾನು ಅಂದದ್ದು ತಪ್ಪು. ಅವಳು ಮುಟ್ಟಿಲ್ಲ,” ಎಂದಳು.

ಅತ್ತಿಗೆಯ ತಾಯಿ ಅಜ್ಜಿಯನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು.

“ನಾನು ಊರಲ್ಲಿ ನಮ್ಮ ಪಕ್ಕದ ಮನೆಯವರಿಗೆ ಹೇಳ್ಕೊಂಡು ಅತ್ತುಬಿಟ್ಟೆ,” ಎಂದರು. “ಹೀಗೆ ಮಾಡ್ಕೊಂಡಿದ್ದಾಳೆ ಮಗಳು ಅಂತ. ಅವಳು ಇಲ್ಲ ಅಂತ ಹೇಳಿದ್ಲು. ನಾನೇ ನಂಬಲಿಲ್ಲ.”

ಅತ್ತಿಗೆ ಒಳಗೆ ಹೋಗಿ ತಣ್ಣಗಾದ ಟೀಯ ಬದಲು ಬಿಸಿಯದು ತಂದುಕೊಟ್ಟಳು. ಲೋಟವನ್ನು ಕೈಗೇ ಕೊಟ್ಟಳು, ಪಕ್ಕದಲ್ಲಿಡಲಿಲ್ಲ. ಆದರೆ ತಾಯಿ ಕೈ ಹಿಡಿಯಲು ಹೋದಾಗ, “ಬಸ್ಸಿಗೆ ಹೊತ್ತಾಗತ್ತೆ, ಕುಡಿ,” ಎಂದಳು. ಅವರನ್ನು ಬಸ್ಸಿಗೆ ಹತ್ತಿಸಲು ಅಣ್ಣ ಹೋದ. ಅತ್ತಿಗೆ ಹೋಗಲಿಲ್ಲ.

ಅವರು ಹೋದ ಮೇಲೆ ಅಜ್ಜಿ ಹಿತ್ತಲ ಬಾಗಿಲಲ್ಲಿ ತೆನೆಗಳನ್ನು ಸುರುವಿಕೊಂಡಳು. ಹಳದಿ ಕಾಳು ಹೊರಗಿನ ಪುಡಿ ಬಿದ್ದು ಕಟ್ಟಿದ್ದು. ಬಿಳಿ ಕಾಳು ತನ್ನದೇ. ಒಂದೊಂದು ತೆನೆಯಿಂದಲೂ ಬಿಳಿಯದನ್ನು ಮಾತ್ರ ಬಿಡಿಸಿ ತೆಗೆದರೆ ಬೀಜ ಉಳಿಯುತ್ತದೆ. ಒಂದು ಹಳದಿ ತಪ್ಪಿ ಸೇರಿದರೂ ಬರುವ ವರ್ಷ ಇದೇ ಕಥೆ. ಕೆಲವು ಕಾಳು ಹಳದಿಯೋ ಬಿಳಿಯೋ ಹೇಳಲಾಗದಷ್ಟು ಮಸುಕು. ಅಮ್ಮ ಕೂತು ಸ್ವಲ್ಪ ಹೊತ್ತು ಆರಿಸಿದಳು. ಅಜ್ಜಿ ಅವಳ ತಟ್ಟೆಯನ್ನು ಎಳೆದು ಮತ್ತೆ ನೋಡಿದಳು. ಅಮ್ಮ ಎದ್ದುಹೋದಳು. ನಾನು ಆರಿಸಿದ್ದನ್ನೂ ಎಳೆದು ನೋಡಿದಳು.

ಅತ್ತಿಗೆ ಬಾಗಿಲಿಗೆ ಬಂದು ನಿಂತಳು.

“ಬಾ,” ಎಂದಳು ಅಜ್ಜಿ. “ನಿಂಗೆ ಬಿರುಕು ಹುಡುಕಿ ಅಭ್ಯಾಸ ಇದೆ.”

“ನಾನು ಆರಿಸೋದು, ನೀವು ನನ್ನ ಕೈ ಕಾಯೋದು. ಅದಕ್ಕೆ ನಾನು ಬರಲ್ಲ.”

“ಮತ್ತೆ?”

“ಆ ಕೋಣೆಯವನಿಗೆ ನಾಳೆ ಉತ್ತರ ಹೇಳಬೇಕು. ಏನು ಹೇಳಬೇಕು ಅಂತ ಈಗ ಗೊತ್ತಾಗತ್ತೆ.” ಅತ್ತಿಗೆ ನೆಲದ ಮೇಲೆ ಕೂತು ತೆನೆಯ ಬುಟ್ಟಿಯನ್ನೂ ಬೀಜದ ತಟ್ಟೆಯನ್ನೂ ತನ್ನ ಮುಂದೆ ಎಳೆದುಕೊಂಡಳು. “ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ. ನಾನು ಮುಗೀತು ಅನ್ನೋವರೆಗೂ. ಆಮೇಲೂ ತಟ್ಟೆ ಎಳೆದು ನೋಡೋ ಹಾಗಿಲ್ಲ. ನಾನು ಹಾಕಿದ್ದು ಹಾಗೇ ಡಬ್ಬಕ್ಕೆ ಹೋಗಬೇಕು.”

“ಹಾಗೇನಾ?”

“ಹಾಗೇ.”

ಅಜ್ಜಿ ಅವಳನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಆಮೇಲೆ ಮಂಡಿಗೆ ಕೈ ಊರಿ, ನರಳುತ್ತ, ಸ್ವಲ್ಪ ಸ್ವಲ್ಪವಾಗಿ ಸುತ್ತ ಸರಿದು, ಮುಖವನ್ನು ಗೋಡೆಯ ಕಡೆ ಮಾಡಿ ಕೂತಳು. ಅವಳ ಬೆನ್ನ ಹಿಂದೆ ಅತ್ತಿಗೆ ಮೊದಲ ತೆನೆ ಎತ್ತಿಕೊಂಡು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಕಾಳು ಒತ್ತಿದಳು. ತಟ್ಟೆಗೆ ಒಂದು ಕಾಳು ಬಿತ್ತು. ಇನ್ನೊಂದು ಬಿತ್ತು. ಮಧ್ಯೆ ಒಂದು ಕಾಳಿಗೆ ಬಹಳ ಹೊತ್ತು ಸದ್ದಿರಲಿಲ್ಲ. ಅಜ್ಜಿಯ ಕತ್ತು ಈ ಕಡೆ ತಿರುಗಲು ಹೊರಟಿತು, ಕಿವಿ ಕಾಣುವಷ್ಟು ಬಂದು ನಿಂತಿತು, ತಿರುಗಿ ಗೋಡೆಯ ಕಡೆಗೇ ಹೋಯಿತು.